ಜುಮ್ಕಿ ಚೆಂದ, ಮಣ್ಣು ಮಾತ್ರ ಬೇಡ

ಕಳೆದ ವರ್ಷ ಅಕ್ಟೋಬರ್‌ನಲ್ಲಿ, ಮಳೆ ಬಿಟ್ಟ ಮೇಲೆ, ಮಡಿಕೇರಿ ರಸ್ತೆ ಬದಿಯ ಒಂದು ನರ್ಸರಿಯಿಂದ ಮೂರು ಫ್ಯೂಷಿಯಾ ಗಿಡ ತಂದೆ. ಒಂದಕ್ಕೆ 180 ರೂಪಾಯಿ. ಹೊರಗೆ ಕೆಂಪು, ಒಳಗೆ ನೇರಳೆ, ತಲೆಕೆಳಗಾಗಿ ತೂಗುವ ಹೂ. ನಮ್ಮ ಅತ್ತೆ ನೋಡಿದ ಕೂಡಲೇ "ಜುಮ್ಕಿ ಹೂ" ಅಂದರು. ಮನೆಯಲ್ಲಿ ಈಗ ಅದೇ ಹೆಸರು.

ಗಿಡದ ಮಟ್ಟಿಗೆ ಒಂದು ಮಾತೂ ಆಡುವ ಹಾಗಿಲ್ಲ. ಎಲೆಯಡಿ ತಿರುಗಿಸಿ ನೋಡಿದೆ, ಬಿಳಿನೊಣ ಇರಲಿಲ್ಲ. ಕುಡಿ ಚಿವುಟಿ ಪೊದೆಯಾಗಿ ಬೆಳೆಸಿದ್ದರು. ಫ್ಯೂಷಿಯಾ ಹೂ ಬಿಡುವುದು ಹೊಸ ಚಿಗುರಿನಲ್ಲಿ, ಕುಡಿ ಚಿವುಟಿದರೆ ಚಿಗುರು ಹೆಚ್ಚು, ಹಾಗಾಗಿ ಇದು ತಿಳಿದವರ ಕೆಲಸವೇ.

ಆದರೆ ಆ ಮಣ್ಣು! ಬರೀ ಅಂಟು ಕೆಮ್ಮಣ್ಣು. ತೂಗುವ ಪಾಟ್‌ನ ಅಡಿ ತಟ್ಟೆಯಲ್ಲಿ ನೀರು ನಿಂತೇ ಇತ್ತು. ವಾರದೊಳಗೆ ಒಂದು ಗಿಡ ಜೋತು ಬಿತ್ತು. ನೀರು ಸಾಲದೇನೋ ಅಂತ ಇನ್ನೊಂದು ಚೊಂಬು ಸುರಿದೆ. ನನ್ನ ತಪ್ಪು ಅದು. ಮಣ್ಣು ಒದ್ದೆ ಇದ್ದೂ ಎಲೆ ಬಾಡಿದರೆ ಹೆಚ್ಚಾಗಿ ಕೆಳಗೆ ಬೇರು ಕೊಳೆಯುತ್ತಿರುತ್ತದೆ. ಕಿತ್ತು ನೋಡಿದಾಗ ಬೇರು ಕಂದಾಗಿ, ಮೆತ್ತಗಾಗಿ, ನಾರುತ್ತಿತ್ತು. ನರ್ಸರಿಗೆ ಫೋನ್ ಮಾಡಿದರೆ "ಬಿಸಿಲಿಗೆ ಇಡಿ ಅಕ್ಕ, ಸರಿ ಹೋಗುತ್ತೆ" ಅಂದರು. ದಕ್ಷಿಣ ಅಮೆರಿಕದ ತಂಪು ಬೆಟ್ಟಗಳಿಂದ ಬಂದ ಗಿಡವನ್ನು ಮಧ್ಯಾಹ್ನದ ಬಿಸಿಲಿಗೆ ಇಡುವುದಾ? ಬದಲಿ ಗಿಡ ಕೇಳಿದೆ, ಕೊಡಲಿಲ್ಲ.

ಉಳಿದ ಎರಡನ್ನು ಅವತ್ತೇ ಬೇರೆ ಪಾಟ್‌ಗೆ ಹಾಕಿದೆ. ಚೆನ್ನಾಗಿ ಕೊಳೆತ ಕಾಫಿ ಸಿಪ್ಪೆ ಗೊಬ್ಬರ, ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಸ್ವಲ್ಪ ಮರಳು. ತಟ್ಟೆ ಕಿತ್ತೆಸೆದೆ. ಬೆಳಗಿನ ಎಳೆಬಿಸಿಲು ಮಾತ್ರ ಬೀಳುವ ಸೂರಿನ ಕೆಳಗೆ ತೂಗಿಸಿದೆ. ಮಾರ್ಚ್ ಸೆಕೆಗೆ ಹೂ ಕಮ್ಮಿಯಾಯಿತು, ಅದು ಅದರ ಗುಣ. ಜೂನ್‌ನಲ್ಲಿ ಹೆಂಚಿನ ನೀರು ಬಿದ್ದು ಒಂದೆರಡು ಕೊಂಬೆ ಮುರಿದವು, ಇನ್ನಷ್ಟು ಒಳಗೆ ಸರಿಸಿದೆ. ಮಳೆ ನಿಂತ ಮೇಲೆ ನೋಡಬೇಕು, ಮೈತುಂಬಾ ಜುಮ್ಕಿ! ಅದರ ತವರಿನಲ್ಲಿ ಹಮ್ಮಿಂಗ್‌ಬರ್ಡ್ ಬರುತ್ತದಂತೆ. ನಮ್ಮಲ್ಲಿ ಸೂರಕ್ಕಿ ಬಂದು ಕಡ್ಡಿಗೆ ನೇತು ಬಿದ್ದು ಜೇನು ಹೀರುತ್ತದೆ. ಅತ್ತೆ ಕಾಫಿ ಲೋಟ ಹಿಡಿದು ಅದನ್ನೇ ಕಾಯುತ್ತಾರೆ.

ಎಳೆ ಕಡ್ಡಿ ನೆಟ್ಟು ಈಗ ಆರು ಗಿಡ ಮಾಡಿಕೊಂಡಿದ್ದೇನೆ. ಆ ನರ್ಸರಿಗೆ ಮತ್ತೆ ಹೋಗುತ್ತೇನಾ? ಬಿಳಿ ಬಣ್ಣದ್ದು ಬಂದರೆ ಹೋಗುತ್ತೇನೆ. ಮನೆಯಲ್ಲಿ ಗೊಬ್ಬರ ಕಲಸಿಟ್ಟೇ ಹೊರಡುವುದು.