ಸೆಕೆಂಡ್ ಹ್ಯಾಂಡ್ ಗಾಲ್ಫ್ ಸೆಟ್ ತಗೊಳ್ಳೋರು ಸ್ವಲ್ಪ ನಿಲ್ಲಿ

ಡ್ರೈವರ್ ಅನ್ನೋ ಉದ್ದದ ಗಾಲ್ಫ್ ಕೋಲಿನ ತಲೆ ಕಿತ್ತುಕೊಂಡು ಹೋಗಿ ಸಿಲ್ವರ್ ಓಕ್ ಮರಕ್ಕೆ ಬಡಿದಾಗ ನನ್ನ ಕೈಯಲ್ಲಿ ಬರೀ ದಂಡ ಉಳಿದಿತ್ತು. ಚೆಂಡು ಇಟ್ಟಲ್ಲೇ ಇತ್ತು. ಕಣದ ಆ ತುದೀಲಿ ಕಾಫಿ ಹರಡ್ತಿದ್ದ ಹೆಂಗಸರು ಮೊದಲು ನಕ್ಕರು, ಆಮೇಲೆ ಸುಮ್ಮನಾದರು. ಆ ತಲೆ ಹತ್ತಡಿ ಈಚೆಗೆ ಹಾರಿದ್ದಿದ್ದರೆ ನಾನು ಇದನ್ನ ಬರೀತಿರಲಿಲ್ಲ, ಸ್ಟೇಷನ್ನಲ್ಲಿ ಕೂತು ಹೇಳಿಕೆ ಕೊಡ್ತಿದ್ದೆ.

ನಮ್ಮದು ಆಲ್ದೂರು ಹತ್ತಿರ ಸಣ್ಣ ತೋಟ. ಕಾಫಿಗೆ ರೇಟು ಬಂದಿದ್ದೇ ತಡ, ನಲವತ್ತು ದಾಟಿದ ನನಗೂ ಗಾಲ್ಫ್ ಹುಚ್ಚು ಹತ್ತಿತು. ಚಿಕ್ಕಮಗಳೂರಲ್ಲಿ ಮೈದಾನ ಇದೆ, ನಮ್ಮ ಭಾವ ವಾರಕ್ಕೊಮ್ಮೆ ಹೋಗ್ತಾರೆ. ಅವರನ್ನ ಒಂದು ಮಾತು ಕೇಳಿದ್ದರೆ ಆಗ್ತಿತ್ತು. ಕೇಳಲಿಲ್ಲ. ಸೆಟ್ಟು ಹೆಗಲಿಗೇರಿಸಿಕೊಂಡೇ ಅವರೆದುರು ಹೋಗಿ ನಿಲ್ಲಬೇಕು ಅನ್ನೋ ಜಂಬ.

ವಾಟ್ಸಾಪ್ ಗ್ರೂಪೊಂದರಲ್ಲಿ ಬಂತು: ‘ದೊಡ್ಡ ಪ್ಲಾಂಟರ್ ಒಬ್ಬರ ಸೆಟ್, ಫಾರಿನ್ ಮಾಲು, ಅರ್ಜೆಂಟ್ ಸೇಲ್.’ 14 ಕ್ಲಬ್ಬು, ಬ್ಯಾಗು, ಗ್ಲೌಸು ಸೇರಿ 32,000 ರೂಪಾಯಿ. (ನಮ್ಮ ಕಡೆ ಕ್ಲಬ್ ಅಂದ್ರೆ ಇಸ್ಪೀಟು ಆಡೋ ಜಾಗ. ಇಲ್ಲಿ ಕ್ಲಬ್ ಅಂದ್ರೆ ಹೊಡೆಯೋ ಕೋಲು.) ಮಾರೋನು ಕೆ.ಎಂ. (ಕಡೂರು-ಮಂಗಳೂರು) ರಸ್ತೆ ಪಕ್ಕ ಕಾರಿನ ಡಿಕ್ಕಿ ತೆಗೆದು ತೋರಿಸಿದ. ‘ಅಣ್ಣ, ಡ್ರೈವರ್ ಟೈಟಾನಿಯಂ, ಅಂಗಡೀಲಿ ಇದೊಂದಕ್ಕೇ ನಲವತ್ತು ಸಾವಿರ’ ಅಂದ. ಒಂದು ಸಲ ಬೀಸಿ ನೋಡ್ತೀನಿ ಅಂದ್ರೆ, ‘ರೋಡಲ್ಲಿ ಬೇಡ ಅಣ್ಣ, ಜನ ನೋಡ್ತಾರೆ.’ ಅಲ್ಲೇ ನಾನು ವಾಪಸ್ ಬರಬೇಕಿತ್ತು. ಅಲ್ಲೇ ನಿಂತು ದುಡ್ಡು ಕಳಿಸಿದೆ.

ಕಲಿಸಿಕೊಡೋದೂ ಅವನೇ, ಎರಡು ಕ್ಲಾಸು ಫ್ರೀ ಅಂತಿದ್ದ, ಬಂದಿದ್ದು ಒಂದು ದಿನ. ಕಾಫಿ ಒಣಗಿಸೋ ಸಿಮೆಂಟ್ ಕಣದ ಮೇಲೆ ತೆಳ್ಳಗಿನ ಮ್ಯಾಟ್ ಹಾಸಿ, ‘ಗಟ್ಟಿಯಾಗಿ ಹಿಡೀರಿ, ತಲೆ ಅಲ್ಲಾಡಿಸಬೇಡಿ, ಚೆಂಡನ್ನ ಮೇಲಕ್ಕೆತ್ತಿ ಜೋರಾಗಿ ಹೊಡೀರಿ’ ಅಂದ. ನಾನೂ ಹೊಡೆದೆ. ಎತ್ತೋಕೆ ಹೋದಾಗ ಒಂದೋ ಚೆಂಡಿನ ನೆತ್ತಿಗೆ ತಾಗಿ ಅದು ಹೆಗ್ಗಣದ ಹಾಗೆ ನೆಲಕ್ಕಂಟಿ ಓಡೋದು, ಇಲ್ಲಾ ಕ್ಲಬ್ಬು ಮೊದಲು ಮ್ಯಾಟಿಗೆ ಬಡಿಯೋದು. ಮ್ಯಾಟಿನ ಕೆಳಗೆ ಸಿಮೆಂಟು. ಆ ಪೆಟ್ಟು ನೇರ ಮೊಣಕೈಗೆ. ಹತ್ತು ದಿನಕ್ಕೆ ಬಲ ಮೊಣಕೈ ಒಳಮಗ್ಗುಲಲ್ಲಿ ಎಂಥಾ ನೋವು ಅಂದ್ರೆ ಕಾಫಿ ಲೋಟ ಎತ್ತೋಕಾಗ್ತಿರಲಿಲ್ಲ. ಡಾಕ್ಟರು ಒತ್ತಿ ನೋಡಿ ‘ಗಾಲ್ಫರ್ಸ್ ಎಲ್ಬೋ’ ಅಂದ್ರು. ಮೈದಾನಕ್ಕೆ ಇನ್ನೂ ಕಾಲಿಟ್ಟಿರಲಿಲ್ಲ, ಕಾಯಿಲೆಗೆ ಆಗಲೇ ಗಾಲ್ಫಿನ ಹೆಸರು! ಕೊಯ್ಲಿನ ಹೊತ್ತಲ್ಲಿ ಮೂರು ತಿಂಗಳು ಒಂದು ಮೂಟೆ ಮುಟ್ಟಲಿಲ್ಲ. ನೋವು ಇಳೀತು ಅಂತ ಮತ್ತೆ ಡ್ರೈವರ್ ಹಿಡಿದ ದಿನವೇ ಅದರ ತಲೆ ಹಾರಿದ್ದು.

ಭಾವನ್ನ ಕರೆಸಿದೆ. ಬ್ಯಾಗ್ ಬಿಚ್ಚಿ ನೋಡಿದವರೇ, ‘ಎಂತ ಮಾರಾಯ, ಇದನ್ನ ಯಾರು ನಿನ್ನ ತಲೆಗೆ ಕಟ್ಟಿದ್ದು?’ ಅಂದ್ರು. ಒಳಗೆ ಹೋಗಿ ಫ್ರಿಜ್ ಬಾಗಿಲಲ್ಲಿದ್ದ ಧರ್ಮಸ್ಥಳದ ಮ್ಯಾಗ್ನೆಟ್ ಕಿತ್ತು ತಂದು ಡ್ರೈವರ್‌ನ ಚೆಂಡಿಗೆ ತಾಗೋ ಮುಖಕ್ಕೆ ಹಿಡಿದ್ರು. ಟಕ್ ಅಂತ ಕಚ್ಚಿಕೊಳ್ತು. ಟೈಟಾನಿಯಂಗೆ ಮ್ಯಾಗ್ನೆಟ್ ಅಂಟಲ್ಲ. ಹಾಗಂತ ಅಂಟದಿದ್ರೆ ಅಸಲಿ ಅಂತಲೂ ಅಲ್ಲ, ಅಲ್ಯೂಮಿನಿಯಂಗೂ ಅಂಟಲ್ಲವಲ್ಲ. ತಲೆ ಅಲ್ಲಾಡಿಸಿದ್ರೆ ಒಳಗೆ ಗಿಲಗಿಲ ಸದ್ದು, ದಂಡ ಸೇರೋ ಕುತ್ತಿಗೆಯಲ್ಲಿ ಗೋಂದು ಪುಡಿಪುಡಿ.

ಐರನ್‌ಗಳು, ಅಂದ್ರೆ ತೆಳ್ಳಗಿನ ಲೋಹದ ತಲೆಯ ಕ್ಲಬ್ಬುಗಳು, ನಕಲಿ ಅಲ್ಲ. ನನಗೆ ಮಾಡಿದ್ದಲ್ಲ, ಅಷ್ಟೇ. ಬೆನ್ನು ಚಪ್ಪಟೆ ಇರೋ ಬ್ಲೇಡ್ ಜಾತಿ, ಸರಿಯಾಗಿ ನಡುಮಧ್ಯಕ್ಕೆ ತಾಗಿಸಬಲ್ಲ ಪಳಗಿದವರಿಗೆ. ಕಲಿಯೋರಿಗೆ ಬೆನ್ನಲ್ಲಿ ಗುಳಿ ಇದ್ದು ಭಾರವೆಲ್ಲ ಅಂಚಿಗೆ ಹೋಗಿರೋ ಕ್ಯಾವಿಟಿ ಬ್ಯಾಕ್ ಬೇಕು, ಪೆಟ್ಟು ಸ್ವಲ್ಪ ಆಚೀಚೆ ಆದ್ರೂ ತಾಳಿಕೊಳ್ಳುತ್ತೆ. ದಂಡದ ಮೇಲೆ ‘ಎಸ್’ ಅಂತಿತ್ತು, ಅಂದ್ರೆ ಸ್ಟಿಫ್, ಸುಲಭಕ್ಕೆ ಬಾಗದ ದಂಡ. ನನ್ನಂಥ ನಿಧಾನದ ಕೈಗೆ ‘ಆರ್’, ರೆಗ್ಯುಲರ್, ಸಾಕು. ಹಿಡಿಕೆಯ ರಬ್ಬರು ಹಳತಾಗಿ ಗಾಜಿನ ಹಾಗೆ ನುಣುಪು, ನಮ್ಮ ಜಡಿಮಳೇಲಿ ಅದು ಕೈಯಲ್ಲಿ ನಿಲ್ಲುತ್ತಾ? ಡ್ರೈವರ್ ಮುಖದ ಓರೆ 9 ಡಿಗ್ರಿ. ಹೊಸಬರಿಗೆ ಹತ್ತೂವರೆಗಿಂತ ಕಡಿಮೆ ಬೇಡ. ಓರೆ ಕಡಿಮೆ ಆದಷ್ಟೂ ಚೆಂಡು ಬಲಕ್ಕೆ ಬಾಗಿ ಕಾಡು ಸೇರೋದು ಜಾಸ್ತಿ.

‘ಹದಿನಾಲ್ಕು ಯಾಕೆ ತಗೊಂಡೆ?’ ಅಂತ ಕೇಳಿದ್ರು. ರೂಲ್ ಅಲ್ವಾ ಅಂದೆ. ಭಾವ ನಗು ತಡೆಯೋಕೆ ಆಚೆ ತಿರುಗಿದ್ರು. ಹದಿನಾಲ್ಕಕ್ಕಿಂತ ಹೆಚ್ಚಿಗೆ ಇರಬಾರದು ಅನ್ನೋದು ರೂಲು, ಅಷ್ಟೂ ಇರಲೇಬೇಕು ಅಂತಲ್ಲ. ಶುರುವಿಗೆ ಒಂದೇ ಒಂದು 7 ಐರನ್ (ಮಧ್ಯಮ ಓರೆಯದು) ಸಾಕು. ಕೈ ಕುದುರಿದ ಮೇಲೆ ಚೆಂಡನ್ನ ಕುಳಿಗೆ ಉರುಳಿಸೋಕೆ ಪಟ್ಟರ್, ಮರಳಿನ ಗುಂಡಿಯಿಂದ ಎತ್ತೋಕೆ ಒಂದು ಸ್ಯಾಂಡ್ ವೆಜ್, ದೂರಕ್ಕೆ ಒಂದು ಹೈಬ್ರಿಡ್. ಡ್ರೈವರ್ ಎಲ್ಲಕ್ಕಿಂತ ಕೊನೆಗೆ, ಅದು ಬ್ಯಾಗಿನಲ್ಲೇ ಉದ್ದದ್ದು, ಪಳಗಿಸೋದು ಕಷ್ಟ.

ಆಮೇಲೆ ಹುಲ್ಲಿನ ಮೇಲೆ ಕರ್ಕೊಂಡು ಹೋಗಿ ಬೀಸೋದು ತೋರಿಸಿದ್ರು. ‘ಕೊಡಲಿ ಹಿಡಿದಿಲ್ವಾ ನೀನು? ಬಿಗಿಯಾಗಿ ಹಿಡಿದವನ ಕೈಗೇ ಬೊಬ್ಬೆ. ಕ್ಲಬ್ಬಿನ ತಲೆಯ ಭಾರ ತಾನೇ ಕೆಲಸ ಮಾಡುತ್ತೆ.’ ಎಡಗೈ ಮೇಲೆ, ಬಲಗೈ ಕೆಳಗೆ. ಬಗ್ಗಿ ನೋಡಿದ್ರೆ ಎಡಗೈಯ ಎರಡು ಗೆಣ್ಣು ಕಾಣಬೇಕು. 7 ಐರನ್‌ಗೆ ಚೆಂಡು ಎರಡು ಪಾದದ ನಡುವೆ. ಮೊದಲು ಚೆಂಡು, ಆಮೇಲೆ ಹುಲ್ಲು, ಈ ಕ್ರಮದಲ್ಲಿ ತಾಗಬೇಕು. ಎತ್ತೋದು ನಮ್ಮ ಕೆಲಸ ಅಲ್ಲ, ಕ್ಲಬ್ಬಿನ ಓರೆಯೇ ಎತ್ತುತ್ತೆ. ಮೊದಲ ಎರಡು ವಾರ ಸೊಂಟದಿಂದ ಸೊಂಟಕ್ಕೆ ಅರ್ಧ ಬೀಸು ಮಾತ್ರ. ಆರನೇ ಏಟಿಗೆ ಚೆಂಡು ‘ಟಪ್’ ಅಂತ ಎದ್ದು ಹೋಯ್ತು, ಮೊಣಕೈಗೆ ಗೊತ್ತೇ ಆಗಲಿಲ್ಲ. ಭಾವನ ಹಳೇ ಕ್ಲಬ್ಬು ಅದು, ಖರ್ಚು ಸೊನ್ನೆ.

ಮಾರಿದವನ ಫೋನು ಅವತ್ತಿಂದ ಸ್ವಿಚ್ಡ್ ಆಫ್. ಆದ್ರೆ ಹೋದ ಭಾನುವಾರ ಸಕಲೇಶಪುರದ ಗೆಳೆಯನೊಬ್ಬ ಒಂದು ಮೆಸೇಜ್ ಕಳಿಸಿ, ತಗೊಳ್ಳಲಾ ಅಂತ ಕೇಳಿದ. ‘ದೊಡ್ಡ ಪ್ಲಾಂಟರ್ ಒಬ್ಬರ ಸೆಟ್, ಫಾರಿನ್ ಮಾಲು, ಅರ್ಜೆಂಟ್ ಸೇಲ್.’ ನಂಬರ್ ಬೇರೆ, ರೇಟು 35,000. ಹಾಸನದ ಕಡೆಯವರಿಗೂ ಇದು ಬಂದಿರಬಹುದು. ನೋಡೋಕೆ ಹೋಗೋದೇ ಆದ್ರೆ ಫ್ರಿಜ್ಜಿನ ಮ್ಯಾಗ್ನೆಟ್ ಜೇಬಲ್ಲಿ ಹಾಕ್ಕೊಳ್ಳಿ, ಬೀಸಿ ನೋಡೋಕೆ ಬಿಡದಿದ್ರೆ ಅಲ್ಲಿಂದಲೇ ವಾಪಸ್ ಬನ್ನಿ.