ಹೊಕ್ಕುಳಬಳ್ಳಿ ರಕ್ತದ ಪ್ಯಾಕೇಜ್: ಮಲೆನಾಡಿನ ಹೆರಿಗೆಗೆ ಎಷ್ಟು ಉಪಯೋಗ?

ಬಸುರಿಯ ತಪಾಸಣೆ ಶುರುವಾದ ಮೇಲೆ ಹೆರಿಗೆಯಲ್ಲಿ ಸಿಗುವ ಹೊಕ್ಕುಳಬಳ್ಳಿಯ ರಕ್ತವನ್ನು ದುಡ್ಡು ತೆಗೆದುಕೊಂಡು ಕೂಡಿಡುವ ಖಾಸಗಿ ಬ್ಯಾಂಕಿನ ಬ್ರೋಷರ್ ಒಂದಲ್ಲ ಒಂದು ದಿನ ಕೈಗೆ ಬರುತ್ತದೆ. 21 ವರ್ಷದ್ದೊಂದು ಪ್ಲಾನ್, 75 ವರ್ಷದ್ದೊಂದು ಪ್ಲಾನ್, ಕಟ್ಟಲು ಇಎಂಐ. ಮೊದಲೇ ಹೇಳಿಬಿಡುತ್ತೇವೆ: ಮನೆಯಲ್ಲಿ ರಕ್ತದ ಕಾಯಿಲೆ ಇಲ್ಲದವರು ಇದಕ್ಕೆ ದುಡ್ಡು ಹಾಕಬೇಕಿಲ್ಲ. ಮೊದಲ ಮಗುವಿಗೆ ಥಲಸ್ಸೀಮಿಯಾದಂಥ ರಕ್ತದ ಕಾಯಿಲೆ ಇದ್ದು, ಎರಡನೆಯದು ಹೊಟ್ಟೆಯಲ್ಲಿದ್ದರೆ ಮಾತು ಬೇರೆ.

ಈ ರಕ್ತದಲ್ಲಿ ರಕ್ತ ಹುಟ್ಟಿಸುವ ಕಾಂಡಕೋಶಗಳು (ಸ್ಟೆಮ್ ಸೆಲ್) ಇರುವುದು ನಿಜ. 1988ರಲ್ಲಿ ಪ್ಯಾರಿಸ್‌ನಲ್ಲಿ ಫ್ಯಾಂಕೋನಿ ಅನೀಮಿಯಾ ಎಂಬ ಹುಟ್ಟಿನ ರಕ್ತದ ಕಾಯಿಲೆ ಇದ್ದ ಹುಡುಗನೊಬ್ಬನಿಗೆ ಇದರ ಮೊದಲ ಕಸಿ ನಡೆಯಿತು. ಅಲ್ಲಿ ಕೊಟ್ಟದ್ದು ಅವನ ರಕ್ತವನ್ನಲ್ಲ, ತಂಗಿ ಹುಟ್ಟಿದಾಗ ಕೂಡಿಟ್ಟಿದ್ದ ಅವಳ ಹೊಕ್ಕುಳಬಳ್ಳಿಯದನ್ನು. ಬ್ರೋಷರಿನಲ್ಲಿ ಕಾಯಿಲೆಗಳ ಪಟ್ಟಿ ಓದುವಾಗ ಇದು ನೆನಪಿರಲಿ. ಥಲಸ್ಸೀಮಿಯಾ ಹುಟ್ಟಿನಿಂದ ಬರುವ ಜೀನ್ ದೋಷ. ಮಗುವಿನ ಸ್ವಂತ ರಕ್ತದಲ್ಲೂ ಅದೇ ದೋಷ ಇರುತ್ತದೆ. ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿನಲ್ಲೂ ಕಾಯಿಲೆಯ ಮೂಲಕೋಶಗಳು ಹುಟ್ಟುವಾಗಲೇ ಇದ್ದಿರಬಹುದು, ಹಾಗಾಗಿ ವೈದ್ಯರು ಬೇರೆಯವರ ಕೋಶಗಳನ್ನೇ ಹುಡುಕುತ್ತಾರೆ. ಮಗು ಮುಂದೆ ತನ್ನದೇ ರಕ್ತ ಬಳಸುತ್ತದೆ ಎಂಬ ಆಸೆಯಿಂದ ಕೂಡಿಡುವುದಕ್ಕೆ ವೈಜ್ಞಾನಿಕ ಆಧಾರವಿಲ್ಲ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕೂಡ ಹೇಳಿದೆ. ಬಳ್ಳಿಯ ತುಂಡು, ಮಾಸು, ಹಲ್ಲಿನ ತಿರುಳು ಇವನ್ನು ಕೂಡಿಡುವ ವ್ಯಾಪಾರಕ್ಕಂತೂ ಅದರ 2017ರ ಮಾರ್ಗಸೂಚಿಯಲ್ಲಿ ಅವಕಾಶವೇ ಇಲ್ಲ. ಅದನ್ನೂ ಸೇರಿಸಿ ಬೆಲೆ ಏರಿಸಿದ್ದರೆ ಅಲ್ಲಿಗೇ ಮಾತು ನಿಲ್ಲಿಸಿ.

ಲೆಕ್ಕ ಒಂದಿದೆ, ಏಜೆಂಟರು ಇದನ್ನು ಬಿಡಿಸಿ ಹೇಳುವುದು ಕಡಿಮೆ. ಕಸಿಗೆ ರೋಗಿಯ ತೂಕದ ಪ್ರತಿ ಕಿಲೋಗೆ ಕನಿಷ್ಠ ಎರಡೂವರೆ ಕೋಟಿ ನ್ಯೂಕ್ಲಿಯಸ್ (ಕೋಶಕೇಂದ್ರ) ಇರುವ ರಕ್ತಕಣಗಳು ಬೇಕು. ಒಂದು ಮಿಲಿ ರಕ್ತದಲ್ಲಿ ಸುಮಾರು ಒಂದು ಕೋಟಿ ಸಿಗುತ್ತವೆ ಎನ್ನಿ. 20 ಕಿಲೋ ಮಗುವಿಗೆ 50 ಮಿಲಿ ಸಾಕು. 60 ಕಿಲೋ ಆಳಿಗೆ 150 ಮಿಲಿ. ಆದರೆ ಒಂದು ಹೆರಿಗೆಯಲ್ಲಿ ಸಿಗುವುದು ಬಹಳ ಸಲ 100 ಮಿಲಿಗಿಂತ ಕಡಿಮೆ, ಲ್ಯಾಬಿನ ಸಂಸ್ಕರಣೆಯಲ್ಲಿ ಇನ್ನಷ್ಟು ಹೋಗುತ್ತದೆ. 75 ವರ್ಷದ ಪ್ಲಾನ್ ಯಾರಿಗೆ ಸಾಕಾದೀತು ಎಂಬುದನ್ನು ನೀವೇ ಕೂಡಿ ನೋಡಿ.

ಇನ್ನು ಸಂಗ್ರಹದ ಕೆಲಸ. ಕಂಪನಿ ಕೊಡುವ ಕಿಟ್‌ನಲ್ಲಿ ರಕ್ತ ಹೆಪ್ಪುಗಟ್ಟದಂತೆ ದ್ರಾವಣ ತುಂಬಿದ ಬ್ಯಾಗ್, ದಪ್ಪ ಸೂಜಿ, ಬಳ್ಳಿ ಬಿಗಿಯುವ ಕ್ಲಾಂಪ್‌ಗಳು, ತಾಯಿಯ ರಕ್ತಕ್ಕೆ ಟ್ಯೂಬ್‌ಗಳು, ಬಾರ್‌ಕೋಡ್ ಇರುತ್ತವೆ. ಬಳ್ಳಿಯಲ್ಲಿ ಎರಡು ಸಣ್ಣ ಅಪಧಮನಿ, ಒಂದು ಅಗಲವಾದ ಅಭಿಧಮನಿ. ಅಯೋಡಿನ್‌ನಿಂದ ಒರೆಸಿ ಆ ಅಗಲದ್ದಕ್ಕೇ ಸೂಜಿ ಚುಚ್ಚಿ, ಬ್ಯಾಗನ್ನು ಮೇಜಿಗಿಂತ ಕೆಳಗೆ ಇಳಿಬಿಡಬೇಕು. ಐದು ನಿಮಿಷದೊಳಗೆ ಇಳಿಯುವಷ್ಟೂ ಇಳಿಯುತ್ತದೆ. ಆಗ ಬ್ಯಾಗನ್ನು ತೊಟ್ಟಿಲು ತೂಗಿದ ಹಾಗೆ ಮೆಲ್ಲಗೆ ಆಡಿಸುತ್ತಿರಬೇಕು, ಬಿಟ್ಟರೆ ಹೆಪ್ಪು. ಒರೆಸುವುದರಲ್ಲಿ ಎಡವಿದರೆ ಬ್ಯಾಕ್ಟೀರಿಯಾ ಸೇರಿ ಬ್ಯಾಗ್ ನಿಷ್ಪ್ರಯೋಜಕ.

ಇದಕ್ಕಿಂತ ದೊಡ್ಡ ಪ್ರಶ್ನೆ ಬಳ್ಳಿ ಕತ್ತರಿಸುವ ಹೊತ್ತಿನದು. ಹುಟ್ಟಿ ಒಂದು ನಿಮಿಷವಾದರೂ ಕಾದು ಕ್ಲಾಂಪ್ ಹಾಕಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆ ನಿಮಿಷದಲ್ಲಿ ಮಾಸಿನಿಂದ ಮಗುವಿಗೆ ಹರಿಯುವ ರಕ್ತದ ಕಬ್ಬಿಣ ಮೊದಲ ತಿಂಗಳುಗಳಲ್ಲಿ ಮಗುವನ್ನು ರಕ್ತಹೀನತೆಯಿಂದ ಕಾಯುತ್ತದೆ. ಕಾದರೆ ಬ್ಯಾಗಿಗೆ ಕಡಿಮೆ ಬೀಳುತ್ತದೆ, ಬೀಳಲಿ. ಬ್ಯಾಗಿಗಾಗಿ ಆತುರದಿಂದ ಕತ್ತರಿಸಬಾರದು ಎಂದು ಡಾಕ್ಟರಿಗೆ ಮೊದಲೇ ಹೇಳಿಡಿ.

ನಮ್ಮ ಕಡೆಯ ತೊಡಕು ಬೇರೆಯೇ. ಚೊಚ್ಚಲ ಹೆರಿಗೆ ತವರಲ್ಲಿ. ಬೆಂಗಳೂರಿನಲ್ಲಿ ಹೆಸರು ಬರೆಸಿದ ಕಿಟ್ ಹೊಸನಗರಕ್ಕೋ ತೀರ್ಥಹಳ್ಳಿಗೋ ಬಸುರಿಯ ಜೊತೆಗೇ ಬರಬೇಕು, ಅಲ್ಲಿನ ಆಸ್ಪತ್ರೆಯವರಿಗೆ ಸಂಗ್ರಹದ ಅಭ್ಯಾಸವಿರಬೇಕು. ರಕ್ತ 48 ಗಂಟೆಯೊಳಗೆ ಲ್ಯಾಬ್ ಸೇರಿದರೆ ಒಳ್ಳೆಯದು; ತಡವಾದಷ್ಟೂ ಕೋಶಗಳು ಸಾಯುತ್ತವೆ. ಶಿವಮೊಗ್ಗದಿಂದ ಬೆಂಗಳೂರಿಗೇ ಸುಮಾರು 300 ಕಿ.ಮೀ., ಲ್ಯಾಬ್ ಚೆನ್ನೈಯಲ್ಲಿದ್ದರೆ ಇನ್ನೂ ದೂರ. ಆಷಾಢದ ಮಳೆಗೆ ಮರ ಬಿದ್ದು ರಸ್ತೆ ಕಟ್ಟಿದರೆ ಕೊರಿಯರ್ ಹುಡುಗ ಏನು ಮಾಡಬೇಕು ಎಂದು ಕಂಪನಿಯನ್ನು ಕೇಳಿ, ಉತ್ತರ ಬರಹದಲ್ಲಿರಲಿ. ಬೇಸಿಗೆಯಲ್ಲಿ ಪೆಟ್ಟಿಗೆಯನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬಾರದು. ತಂಪಿರಲಿ ಎಂದು ಫ್ರೀಜರ್‌ಗೂ ಹಾಕಬಾರದು.

ಥಲಸ್ಸೀಮಿಯಾ ಇರುವ ಮಗುವಿನ ಮನೆಯವರು ಮೊದಲು ಮಗುವಿನ ರಕ್ತರೋಗ ತಜ್ಞರನ್ನು ಕೇಳಿ. ಒಡಹುಟ್ಟಿದವರ ಎಚ್‌ಎಲ್‌ಎ (ಕಸಿಗೆ ಹೊಂದಬೇಕಾದ ಕೋಶಗಳ ಗುರುತು) ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹೊಂದಿಯೂ, ಕಾಯಿಲೆ ಇಲ್ಲದೆಯೂ ಹುಟ್ಟುವ ಸಾಧ್ಯತೆ 16ರಲ್ಲಿ ಮೂರು. ಅಷ್ಟಕ್ಕಾಗಿ ಪ್ರಯತ್ನಿಸಬೇಕಾದದ್ದೇ. ಕಂಪನಿಗೆ ಔಷಧ ಇಲಾಖೆಯ ಲೈಸೆನ್ಸ್ ಇದೆಯೇ ನೋಡಿ. ಕಣಗಳ ಎಣಿಕೆ, ಜೀವಂತ ಕೋಶಗಳ ಪ್ರಮಾಣ, ಸೋಂಕಿನ ಪರೀಕ್ಷೆಯ ವರದಿ ಕೇಳಿ ಪಡೆಯಿರಿ. ಎಣಿಕೆ ಕಡಿಮೆ ಬಂದರೆ ಹಣ ಹಿಂದಿರುಗುತ್ತದೆಯೇ, ಕಂಪನಿ ಮುಚ್ಚಿದರೆ ಬ್ಯಾಗ್ ಯಾರ ವಶಕ್ಕೆ ಹೋಗುತ್ತದೆ, ಇವೆರಡೂ ಒಪ್ಪಂದದಲ್ಲಿರಲಿ.

ಉಳಿದವರು ಆ ದುಡ್ಡಿನಲ್ಲಿ ಒಂದು ಪಾಲು ತೆಗೆದು, ಮೂರು ತಿಂಗಳು ತುಂಬುವ ಮೊದಲೇ ಗಂಡ ಹೆಂಡತಿ ಇಬ್ಬರೂ ಥಲಸ್ಸೀಮಿಯಾ ವಾಹಕರೇ ಎಂದು ತಿಳಿಸುವ ಎಚ್‌ಬಿಎ2 ರಕ್ತ ಪರೀಕ್ಷೆ ಮಾಡಿಸಿ. ಇಬ್ಬರೂ ವಾಹಕರಾಗಿದ್ದರೆ (ಕಾಯಿಲೆ ಇಲ್ಲದೆ ಜೀನ್ ದೋಷ ಮಾತ್ರ ಹೊತ್ತವರಾಗಿದ್ದರೆ) ಅದು ಆಗಲೇ ತಿಳಿಯುತ್ತದೆ, ಗರ್ಭದಲ್ಲಿರುವ ಮಗುವನ್ನು ಪರೀಕ್ಷಿಸಲು ಇನ್ನೂ ಸಮಯವಿರುತ್ತದೆ.