ಸ್ಕ್ರೀನ್ ಬಿಡಿ, ಗುಳ್ಳೆ ನೋಡಿ: ನಮ್ಮ ಲ್ಯಾಬಿನ ಸಿರಿಂಜ್ ಪಂಪ್

ಇಲಿಯ ಮೆದುಳಿಗೆ ಮದ್ದು ಬಿಡಲು ಸಿರಿಂಜ್ ಪಂಪ್, ಅಂದರೆ ಸಿರಿಂಜನ್ನು ತಾನೇ ನಿಧಾನ ಒತ್ತುವ ಯಂತ್ರ, ಕೊಳ್ಳಬೇಕು ಅಂತಿರುವ ಕಾಲೇಜುಗಳಿಗೆ ಈ ಮಾತು. ದಾವಣಗೆರೆಯ ನಮ್ಮ ಫಾರ್ಮಕಾಲಜಿ ಲ್ಯಾಬಿನಲ್ಲಿ ಇರುವುದು ದೇಶೀ ಪಂಪ್. ಕಂಪನಿ ಹೆಸರು ಬೇಡ, ಸುಮ್ನೆ ಜಗಳ ಯಾಕೆ? ಹೊರಗಿನಿಂದ ತರಿಸುವ ಪಂಪಿಗೆ ಹೇಳಿದ ರೇಟು ಕೇಳಿ ನಮ್ಮ ಪ್ರಿನ್ಸಿಪಾಲರು ಫೈಲನ್ನೇ ಮುಚ್ಚಿದ್ದರು. ಹಾಗಾಗಿ ಇದು ಬಂತು.

ಕೆಲಸ ಏನಪ್ಪಾ ಅಂದರೆ, ಎಂ.ಫಾರ್ಮ್ ಹುಡುಗರು ಪಾರ್ಕಿನ್ಸನ್ ಕಾಯಿಲೆಯ ಮೇಲೆ ಪ್ರಾಜೆಕ್ಟ್ ಮಾಡುತ್ತಾರೆ. ಇಲಿಯ ಮೆದುಳಿನ ಒಂದು ಕಡೆಗೆ 6-ಹೈಡ್ರಾಕ್ಸಿಡೋಪಮೈನ್ ಬಿಡಬೇಕು. ಡೋಪಮೈನ್ ನರಕೋಶಗಳನ್ನು ಕೊಂದು ಇಲಿಗೆ ಪಾರ್ಕಿನ್ಸನ್ ತರಹದ ಲಕ್ಷಣ ತರಿಸುವ ವಿಷ ಅದು, ನಾವು ಇಲ್ಲಿ ಮದ್ದು ಅನ್ನುವುದು ಅದನ್ನೇ. ಇದು ರಕ್ತಕ್ಕೆ ಕೊಟ್ಟರೆ ಮೆದುಳಿನ ತಡೆಗೋಡೆ ದಾಟುವುದಿಲ್ಲ. ಆದ್ದರಿಂದ ತಲೆಬುರುಡೆಗೆ ಸಣ್ಣ ತೂತು, ಅದರೊಳಗೆ ಕ್ಯಾನ್ಯುಲಾ (ಸೂಜಿಯಂಥ ಸಣ್ಣ ಕೊಳವೆ), ಕೆಲವೇ ಮೈಕ್ರೋಲೀಟರ್ ಮದ್ದು. ಒಂದು ಮೈಕ್ರೋಲೀಟರ್ ಅಂದರೆ ಮಿಲಿಲೀಟರಿನ ಸಾವಿರದಲ್ಲೊಂದು ಪಾಲು. ಅದನ್ನೂ ನಿಮಿಷಕ್ಕೆ ಅರ್ಧ ಮೈಕ್ರೋಲೀಟರೋ ಇನ್ನೂ ಕಮ್ಮಿಯೋ ಬಿಡಬೇಕು. ಜೋರಾಗಿ ಒತ್ತಿದರೆ ಮೆದುಳಿನ ಭಾಗ ಹಾಳಾಗುತ್ತದೆ, ಮದ್ದು ಕ್ಯಾನ್ಯುಲಾದ ಪಕ್ಕದಿಂದಲೇ ವಾಪಸ್ ಮೇಲೆ ಬರುತ್ತದೆ. ಮುಗಿದ ಮೇಲೂ ಐದು ನಿಮಿಷ ಹಾಗೇ ಬಿಟ್ಟು ಆಮೇಲೆ ನಿಧಾನ ಎಳೆಯುವುದು. ಕೈಯಲ್ಲಿ ಆಗುವ ಕೆಲಸ ಅಲ್ಲ.

ಪಂಪಿನ ಒಳಗೆ ದೊಡ್ಡ ರಹಸ್ಯವೇನಿಲ್ಲ. ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಮೋಟರ್, ಉದ್ದನೆಯ ಸ್ಕ್ರೂ, ಸಿರಿಂಜನ್ನು ತಳ್ಳುವ ಬ್ಲಾಕ್. ಸಿರಿಂಜಿನ ಒಳವ್ಯಾಸ ಎಷ್ಟು ಅಂತ ನಾವು ಹೇಳಬೇಕು, ಉಳಿದ ಲೆಕ್ಕ ಅದೇ ಮಾಡಿಕೊಳ್ಳುತ್ತದೆ. ನಮ್ಮ 10 ಮೈಕ್ರೋಲೀಟರಿನ ಹ್ಯಾಮಿಲ್ಟನ್ ಸಿರಿಂಜಿನ ಒಳವ್ಯಾಸ 0.46 ಮಿಮೀ. ಒಂದು ಮೈಕ್ರೋಲೀಟರ್ ಬಿಡಲು ಬ್ಲಾಕ್ ಸುಮಾರು 6 ಮಿಮೀ ನಡೆಯಬೇಕು. ಅಷ್ಟು ದೂರ ಈ ಪಂಪ್ ಚೆನ್ನಾಗಿ, ಜರ್ಕ್ ಇಲ್ಲದೆ ನಡೆಯುತ್ತದೆ. ಈ ವಿಷಯದಲ್ಲಿ ಪೂರ್ತಿ ಮಾರ್ಕ್ಸ್. ಸದ್ದೂ ಇಲ್ಲ.

ಆದರೆ ಸ್ಕ್ರೀನ್ ನಂಬಬೇಡಿ. ಸ್ಕ್ರೀನ್ ತೋರಿಸುವುದು ಮೋಟರ್ ಎಷ್ಟು ತಿರುಗಿತು ಅಂತ, ಇಲಿಗೆ ಎಷ್ಟು ಹೋಯಿತು ಅಂತ ಅಲ್ಲ. ನಾವು ಸಿರಿಂಜಿಗೂ, ಅದರಿಂದ ಕ್ಯಾನ್ಯುಲಾಗೆ ಹೋಗುವ ಪಿಇ-10 ಅನ್ನುವ ತೆಳು ಪ್ಲಾಸ್ಟಿಕ್ ಟ್ಯೂಬಿಗೂ ಮೊದಲು ಡಿಸ್ಟಿಲ್ಡ್ ವಾಟರ್ ತುಂಬುತ್ತೇವೆ. ಬೋರ್‌ವೆಲ್ ನೀರು ಹತ್ತಿರ ತರುವಂತಿಲ್ಲ. ಆಮೇಲೆ ತುದಿಯಿಂದ ಒಂದು ಚಿಕ್ಕ ಗಾಳಿಗುಳ್ಳೆ ಎಳೆದು, ಅದರ ಹಿಂದೆ ಮದ್ದು ಎಳೆಯುತ್ತೇವೆ. ಗುಳ್ಳೆ ಇರುವ ಜಾಗಕ್ಕೆ ಮಾರ್ಕರ್ ಪೆನ್ನಿನಿಂದ ಗೆರೆ. ಟ್ಯೂಬಿನ ಒಳವ್ಯಾಸ 0.28 ಮಿಮೀ, ಹಾಗಾಗಿ ಒಂದು ಮೈಕ್ರೋಲೀಟರ್ ಹೋದರೆ ಗುಳ್ಳೆ ಸುಮಾರು 16 ಮಿಮೀ ಸರಿಯಬೇಕು. ಪಕ್ಕದಲ್ಲಿ ಸ್ಕೇಲ್ ಇಟ್ಟರೆ ಸಾಕು. ಗುಳ್ಳೆ ನಿಂತಿದೆ, ಸ್ಕ್ರೀನ್ ಮಾತ್ರ ಓಡುತ್ತಿದೆ ಅಂದರೆ ಕ್ಯಾನ್ಯುಲಾ ಕಟ್ಟಿದೆ, ಇಲ್ಲವೇ ಎಲ್ಲೋ ಜಾಯಿಂಟ್ ಸೋರುತ್ತಿದೆ. ಈ ಪಂಪಿಗೆ ಪ್ರೆಶರ್ ಅಲಾರಂ ಇಲ್ಲ, ಟ್ಯೂಬ್ ಕಿತ್ತು ಬರುವವರೆಗೂ ಪಾಪ ತಳ್ಳುತ್ತಲೇ ಇರುತ್ತದೆ.

ಅಸಲಿ ಸಿಟ್ಟು ಕರೆಂಟಿನ ವಿಷಯದಲ್ಲಿ. ನಮ್ಮ ಕಡೆ ಕರೆಂಟ್ ಹೋಗಿ ಬರುವುದು ಹೊಸತಲ್ಲ. ಹೋಗಿ ಬಂದರೆ ಈ ಪಂಪ್ ನಾವು ಕೊಟ್ಟ ಒಳವ್ಯಾಸ ಮರೆತು ತನ್ನ 10 ಮಿಲಿ ಸಿರಿಂಜಿನ ಸೆಟ್ಟಿಂಗಿಗೆ ವಾಪಸ್ ಹೋಗುತ್ತದೆ. ಬೀಪ್ ಕೂಡ ಇಲ್ಲ. ಒಳವ್ಯಾಸ 14 ಮಿಮೀ ದಾಟಿದೆ ಅಂತ ಅದು ನಂಬಿದರೆ ಬ್ಲಾಕನ್ನು ತೀರಾ ಕಮ್ಮಿ ತಳ್ಳುತ್ತದೆ, ಹೋಗುವ ಮದ್ದು ಹೆಚ್ಚುಕಮ್ಮಿ ಸಾವಿರದಲ್ಲೊಂದು ಪಾಲು! ಗುಳ್ಳೆ ಅಲ್ಲಾಡದಿದ್ದಾಗಲೇ ನಮಗೆ ಗೊತ್ತಾಗಿದ್ದು. ಅಷ್ಟರಲ್ಲಿ ಇಲಿಯ ಅರಿವಳಿಕೆ ಇಳಿಯತೊಡಗಿತ್ತು. ಗಾಳಿ ಬೆಳಕಿಗೆ ಕೆಡಬಾರದು ಅಂತ ಆಸ್ಕಾರ್ಬಿಕ್ ಆಸಿಡ್ ಹಾಕಿ ಐಸಿನಲ್ಲಿಟ್ಟಿದ್ದ ಮದ್ದೂ ಕೆಂಪು ಕಂದು ಬಣ್ಣಕ್ಕೆ ತಿರುಗಿತ್ತು, ಚೆಲ್ಲಬೇಕಾಯಿತು. ಫೋನ್ ಮಾಡಿದರೆ ಸರ್ವಿಸಿನವರು, "ಮೇಡಂ, ಅದು ಡಿಸೈನೇ ಹಾಗೆ, ನೀವೊಂದು ಯುಪಿಎಸ್ ಹಾಕಿಸಿಕೊಳ್ಳಿ" ಅಂದರು. ಹಾಕಿಸಿಕೊಂಡೆವು. ಅದನ್ನು ಮಾರುವಾಗಲೇ ಹೇಳಬಹುದಿತ್ತಲ್ವಾ?

ಬಿಡಿಭಾಗದ ತಲೆನೋವು ಜಾಸ್ತಿ ಇಲ್ಲ. ಸಿರಿಂಜ್ ಹಿಡಿಯುವ ಸ್ಕ್ರೂ ಕಳೆದುಹೋದಾಗ ಮಂಡಿಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಕ್ಕಿತು.

ವಾರಗಟ್ಟಲೆ ಮದ್ದು ಕೊಡುವ ಪ್ರಾಜೆಕ್ಟಿಗೆ ಮಾತ್ರ ಈ ಪಂಪ್ ಹಿಡಿದು ಕೂರಬೇಡಿ. ದಾರ ಕಟ್ಟಿದ ಗಾಳಿಪಟದ ಹಾಗೆ ಇಲಿಯನ್ನು ಟ್ಯೂಬಿಗೆ ಕಟ್ಟಿ ಎಷ್ಟು ದಿನ ಅಂತ ಇಡುತ್ತೀರಿ? ಅದಕ್ಕೆ ಚರ್ಮದ ಕೆಳಗೆ ಇಡುವ ಆಸ್ಮಾಟಿಕ್ ಪಂಪ್ ಇದೆ. ಆಲ್ಜೆಟ್ ಬ್ರ್ಯಾಂಡಿನ 2004 ಮಾಡೆಲ್ 200 ಮೈಕ್ರೋಲೀಟರ್ ಹಿಡಿಯುತ್ತದೆ, ಗಂಟೆಗೆ 0.25 ಮೈಕ್ರೋಲೀಟರಿನಂತೆ 28 ದಿನ ಬಿಡುತ್ತದೆ. ಮೋಟರ್ ಇಲ್ಲ, ಕರೆಂಟೂ ಬೇಡ. ಹೊರಪದರದಿಂದ ಮೈಯ ನೀರು ಒಳಗೆ ಹೋಗಿ, ಉಪ್ಪಿನ ಪದರ ಉಬ್ಬಿ, ಒಳಗಿನ ಚೀಲವನ್ನು ಹಿಂಡುತ್ತದೆ. ಅಲ್ಲಿಂದ ಸಣ್ಣ ಟ್ಯೂಬಿನಲ್ಲಿ ಮೆದುಳಿಗೆ. ಇಡುವ ಮೊದಲು 37 ಡಿಗ್ರಿ ಸಲೈನಿನಲ್ಲಿ ನೆನೆಸಿಡಬೇಕು. ನಮ್ಮೂರ ಮೇ ತಿಂಗಳ ಬಿಸಿಲು ಸಾಕು ಅನ್ನಬೇಡಿ, ಇನ್‌ಕ್ಯುಬೇಟರೇ ಬೇಕು. ಒಂದು ಸಲಕ್ಕೆ ಒಂದು ಪಂಪ್, ಮತ್ತೆ ತುಂಬುವಂತಿಲ್ಲ, ನಡುವೆ ಡೋಸ್ ಬದಲಿಸುವಂತಿಲ್ಲ. ಇಲಿಗೊಂದು ಬೇಕು ಅಂದಾಗ ಖರ್ಚು ನೀವೇ ಲೆಕ್ಕ ಹಾಕಿ. ಎಥಿಕ್ಸ್ ಕಮಿಟಿಗೆ ಕೊಡುವ ಅರ್ಜಿಯಲ್ಲಿ ಈ ಸರ್ಜರಿಯನ್ನೂ ಬರೆದಿರಬೇಕು.

ಅರ್ಧ ಗಂಟೆಯೊಳಗೆ ಮುಗಿಯುವ ಇನ್ಫ್ಯೂಷನ್‌ಗಾದರೆ ನಮ್ಮ ದೇಶೀ ಪಂಪ್ ಧಾರಾಳ ಸಾಕು, ಯುಪಿಎಸ್ ಖರ್ಚು ಸೇರಿಸಿಯೂ ಅಗ್ಗವೇ. ಡೆಮೊಗೆ ಬಂದವರು 50 ಮಿಲಿ ಸಿರಿಂಜ್ ಹಾಕಿ ಜೋರಾಗಿ ನೀರು ಚಿಮ್ಮಿಸಿ ತೋರಿಸುತ್ತಾರೆ. ಅದು ಬೇಡ. 10 ಮೈಕ್ರೋಲೀಟರಿನದ್ದೇ ಹಾಕಿಸಿ, ಅರ್ಧದಲ್ಲಿ ಪ್ಲಗ್ ಕಿತ್ತು ಮತ್ತೆ ಹಾಕಿ, ಒಳವ್ಯಾಸ ಎಷ್ಟು ತೋರಿಸುತ್ತದೆ ನೋಡಿಕೊಂಡು ಆರ್ಡರ್ ಕೊಡಿ.